ಮಾಗಿಯ ಬಿಸಿಲಿಗೊಂದು ಕೂಟ, ಕೂಟಕ್ಕೊಂದು ಕೆಲಸ

ಡಿಸೆಂಬರ್ ಕಾಲಿಟ್ಟಿತೆಂದರೆ ಚಿಕ್ಕಮಗಳೂರಿನ ಹಿರಿಯರಲ್ಲಿ ಅನೇಕರು ಮನೆ ಹಿಡಿಯುತ್ತಾರೆ. ಬೆಳಗಿನ ಮಂಜಿಗೆ ಹೆದರಿ ವಾಕಿಂಗ್ ನಿಲ್ಲುತ್ತದೆ, ಸಂಜೆ ಐದೂವರೆಗೇ ಕಿಟಕಿಗಳು ಮುಚ್ಚಿಕೊಳ್ಳುತ್ತವೆ, ತೋಟವಿರುವ ಬಂಧುಗಳು ಕಾಫಿ ಕುಯ್ಲು ಮುಗಿಯುವವರೆಗೆ ಫೋನಿಗೂ ಸಿಗುವುದಿಲ್ಲ. ಹೀಗೆ ನಾಲ್ಕು ಜನರ ಮುಖ ನೋಡದೆ ಎರಡು ತಿಂಗಳು ಕಳೆದರೆ ಮಂಡಿಯೂ ಮನಸ್ಸೂ ಒಟ್ಟಿಗೇ ಹಿಡಿದುಕೊಳ್ಳುತ್ತವೆ. ‘ವಾರಕ್ಕೊಮ್ಮೆ ಎಲ್ಲಾದರೂ ಸೇರೋಣ’ ಎಂಬ ಮಾತು ಪ್ರತಿ ಬಡಾವಣೆಯಲ್ಲೂ ಹುಟ್ಟುತ್ತದೆ. ಬಿಪಿ, ಶುಗರ್ ಮತ್ತು ಮಕ್ಕಳ ಅಮೆರಿಕದ ವಿಚಾರ ಮುಗಿದೊಡನೆ ಆ ಕೂಟವೂ ಮುಗಿಯುತ್ತದೆ. ಸೇರುವುದಕ್ಕೆ ಒಂದು ಕೆಲಸದ ನೆಪವಿದ್ದರೆ ಮಾತ್ರ ಕೂಟ ಬಾಳುತ್ತದೆ, ಆ ಕೆಲಸ ಬೇರೆಯವರಿಗೂ ಉಪಯೋಗವಾಗುವಂತಿದ್ದರೆ ಇನ್ನೂ ಹೆಚ್ಚು ಬಾಳುತ್ತದೆ. ಆದ್ದರಿಂದ ಜನರನ್ನು ಕರೆಯುವ ಮೊದಲು ಕೆಲಸವನ್ನು ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ಕೆಲಸ ಆರಿಸಿಕೊಳ್ಳುವುದು

ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡು, ಶಾಲು ಹೊದಿಸಿ ಮುಗಿಸುವ ಕಾರ್ಯಕ್ರಮವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಒಂದೂವರೆ ಗಂಟೆಯಲ್ಲಿ ಮುಗಿಯುವ, ಮುಂದಿನ ವಾರಕ್ಕೂ ಸ್ವಲ್ಪ ಉಳಿಯುವ, ನಡೆಯಬಲ್ಲವರಿಗೂ ಕೂತೇ ಮಾಡುವವರಿಗೂ ಪಾಲಿರುವ ಕೆಲಸ ಬೇಕು. ಮುಳ್ಳಯ್ಯನಗಿರಿಯಲ್ಲಿ ವರ್ಷಾಂತ್ಯದ ಪ್ರವಾಸಿಗರು ಬಿಟ್ಟುಹೋದ ಪ್ಲಾಸ್ಟಿಕ್ ಹೆಕ್ಕುವುದು ಪುಣ್ಯದ ಕೆಲಸವೇ ಆದರೂ, 1,930 ಮೀಟರ್ ಎತ್ತರದ ಗಾಳಿ ಹಿರಿಯರ ಎದೆಗೆ ಒಳ್ಳೆಯದಲ್ಲ. ಅದನ್ನು ಕಾಲೇಜಿನ ಮಕ್ಕಳಿಗೆ ಬಿಡಬಹುದು.

ಮನೆಯಂಗಳದಲ್ಲೇ ಆಗಬೇಕೆಂದರೆ ಅವರೆಕಾಯಿಗಿಂತ ಒಳ್ಳೆಯ ನೆಪ ಈ ಕಾಲದಲ್ಲಿ ಬೇರೆಯಿಲ್ಲ. ಹಿಂದಿನ ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಕಣ್ಣು ಮಂದವಾದವರೂ ಇದನ್ನು ಮಾಡಬಲ್ಲರು, ಬಿಗಿದ ಬೆರಳುಗಳಿಗೂ ಇದರಿಂದ ಅಭ್ಯಾಸವಾಗುತ್ತದೆ, ಬಾಯಿಗಂತೂ ಪೂರ್ತಿ ಬಿಡುವು. ಐದಾರು ಜನ ಜಗಲಿಯ ಬಿಸಿಲಿನಲ್ಲಿ ಕೂತರೆ ಒಬ್ಬಂಟಿಯಾಗಿರುವ ಮೂರು ನಾಲ್ಕು ಮನೆಗಳಿಗೆ ಸಾರಿಗಾಗುವಷ್ಟು ಹಿತಕಿದ ಬೇಳೆ ಸಿದ್ಧ. ಅದನ್ನು ತಲುಪಿಸಲು ಹೋದವರು ಅಲ್ಲಿ ಹತ್ತು ನಿಮಿಷ ಕೂತು ಬರಬೇಕೆಂಬುದನ್ನು ಮಾತ್ರ ನಿಯಮ ಮಾಡಿಕೊಳ್ಳಿ. ಸಂಕ್ರಾಂತಿಯ ಹಿಂದಿನ ವಾರ ಇದೇ ಬಳಗ ಕೊಬ್ಬರಿ, ಬೆಲ್ಲ ಹೆಚ್ಚಲು ಕೂರಬಹುದು.

ಕೆರೆಯ ದಂಡೆಯಲ್ಲಿ

ಹೊರಗೆ ಹೋಗಬಲ್ಲವರಿಗೆ ನನ್ನ ಮೊದಲ ಶಿಫಾರಸು ಕೆರೆಯ ಹಕ್ಕಿ ಎಣಿಕೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆದುಬಂದಿದ್ದು, ಅದರ ಬಹುಪಾಲು ಎಣಿಕೆಯನ್ನು ಸಂಬಳವಿಲ್ಲದ ಉತ್ಸಾಹಿಗಳೇ ಮಾಡುತ್ತಾರೆ. ಉತ್ತರದ ಚಳಿಯಿಂದ ತಪ್ಪಿಸಿಕೊಂಡು ಬಂದ ಬಾತುಗಳು ನಮ್ಮ ಬಯಲುಸೀಮೆಯ ಅಂಚಿನ ಕೆರೆಗಳಲ್ಲಿ ಇಳಿಯುವ ಕಾಲವೂ ಇದೇ. ಸಖರಾಯಪಟ್ಟಣದ ಬಳಿ, ಶಕುನಗಿರಿಯ ಬುಡದಲ್ಲಿರುವ ಅಯ್ಯನಕೆರೆ, ಊರಿಗೆ ಹತ್ತಿರದ ಹಿರೇಕೊಳಲೆ ಕೆರೆ, ಅಥವಾ ನಿಮ್ಮ ಊರಿನ ಹೆಸರಿಲ್ಲದ ಕಟ್ಟೆಯಾದರೂ ಸರಿ.

ವಿಧಾನ ಸರಳ. ಬೆಳಗಿನ ಹೊತ್ತು ಸೂರ್ಯ ಬೆನ್ನಿಗೆ ಬರುವಂತೆ ಪೂರ್ವದ ದಂಡೆಯಲ್ಲಿ ನಿಲ್ಲಬೇಕು. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ. ಒಬ್ಬರು ದುರ್ಬೀನು ಹಿಡಿದು ಹೇಳುವುದು, ಇನ್ನೊಬ್ಬರು ಪುಸ್ತಕದಲ್ಲಿ ಬರೆಯುವುದು, ಮೂರನೆಯವರು ಬರಿಗಣ್ಣಿನಿಂದ ಒಟ್ಟು ಗುಂಪಿನ ಮೇಲೆ ನಿಗಾ ಇಡುವುದು ಎಂದು ಹಂಚಿಕೊಳ್ಳಿ. ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲು ಹೋಗದೆ, ಮೊದಲು ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆಂದು ನೋಡಿಕೊಂಡು ಅದೇ ಅಳತೆಯಲ್ಲಿ ಮುಂದೆ ಸಾಗಬೇಕು. ಮೈಯೆಲ್ಲ ಕಪ್ಪಾಗಿ ಹಣೆಯ ಮೇಲೆ ಬಿಳಿ ನಾಮ ಎಳೆದಂತಿರುವ ನಾಮಕೋಳಿಯನ್ನು ಮೊದಲ ದಿನವೇ ಗುರುತು ಹಿಡಿಯಬಹುದು. ಗುಳುಮುಳುಕ ಮಾತ್ರ ಎಣಿಸುತ್ತಿರುವಾಗಲೇ ಮುಳುಗಿ ಇನ್ನೆಲ್ಲೋ ಏಳುವುದರಿಂದ ಅದನ್ನು ಎರಡು ಸಲ ಎಣಿಸಿ, ಹೆಚ್ಚು ಬಂದ ಸಂಖ್ಯೆಯನ್ನು ಬರೆದುಕೊಳ್ಳುವುದು ಮೇಲು. ಗುರುತು ಸಿಗದ ಹಕ್ಕಿಗೆ ‘ತಿಳಿಯದ ಬಾತು’ ಎಂದೇ ಬರೆಯಿರಿ. ಊಹೆಯ ಹೆಸರಿಗಿಂತ ಅದರ ಬೆಲೆ ಹೆಚ್ಚು. ಕೆರೆಗೆ ಬರಲಾಗದವರನ್ನು ಬಿಟ್ಟುಬಿಡಬೇಕಾಗಿಲ್ಲ: ಫೆಬ್ರವರಿಯಲ್ಲಿ ನಡೆಯುವ ಹಿತ್ತಲ ಹಕ್ಕಿಗಳ ಜಾಗತಿಕ ಎಣಿಕೆಗೆ ಕುರ್ಚಿಯಲ್ಲಿ ಕೂತು ಕನಿಷ್ಠ 15 ನಿಮಿಷ ನೋಡಿದರೂ ಸಾಕು, ಪಟ್ಟಿಯನ್ನು ಮೊಬೈಲಿನಲ್ಲಿ ಸೇರಿಸಲು ಮನೆಯ ಮೊಮ್ಮಗಳಿದ್ದಾಳೆ.

ಹೊತ್ತು, ಉಡುಪು, ಎಚ್ಚರ

ಮಂಜು ಕರಗಿದ ಮೇಲೆಯೇ, ಅಂದರೆ ಒಂಬತ್ತರ ನಂತರ ಸೇರುವುದು ಕ್ಷೇಮ. ಚಳಿಗೆ ರಕ್ತನಾಳಗಳು ಸಂಕುಚಿತವಾಗಿ ರಕ್ತದೊತ್ತಡ ಏರುತ್ತದೆಯಾದ್ದರಿಂದ ಬಿಪಿ ಮತ್ತು ಹೃದಯದ ತೊಂದರೆಯಿರುವವರು ಹಾಸಿಗೆಯಿಂದ ಎದ್ದವರೇ ನೇರ ಹೊರಗೆ ಹೋಗದೆ, ಮನೆಯೊಳಗೇ ಕೈಕಾಲು ಆಡಿಸಿ, ತಿಂಡಿ ಮತ್ತು ಮಾತ್ರೆ ಮುಗಿಸಿ ಹೊರಡಬೇಕು. ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಬಟ್ಟೆ ಮೇಲು, ಬಿಸಿಲೇರಿದಂತೆ ಒಂದನ್ನು ತೆಗೆಯಬಹುದು. ಬಾಯಾರಿಕೆ ಗೊತ್ತಾಗದ ಕಾಲವಾದ್ದರಿಂದ ಫ್ಲಾಸ್ಕಿನಲ್ಲಿ ಕಾಫಿಯ ಜೊತೆಗೆ ಬಿಸಿನೀರೂ ಇರಲಿ. 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆರೆಯ ಏರಿಯ ಮೇಲೆ ಚುರುಕಾಗಿ ಹೋಗಿಬರುವ ನಡಿಗೆ ಆ ಲೆಕ್ಕಕ್ಕೆ ಸೇರುತ್ತದೆ, ನಿಂತು ಹರಟುವುದು ಸೇರುವುದಿಲ್ಲ.

ಮಲೆನಾಡಿನ ಕಡೆಯವರಿಗೆ ಇನ್ನೆರಡು ಎಚ್ಚರಿಕೆಗಳಿವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಅದರ ಹಾವಳಿ ಹೆಚ್ಚಾಗುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಾಡಿನಂಚಿನಲ್ಲಿ ಸೇರುವವರು ತರಗೆಲೆಯ ಮೇಲೆ ಕೂರಬಾರದು, ಪ್ಯಾಂಟನ್ನು ಸಾಕ್ಸಿನೊಳಗೆ ತೂರಿಸಿಕೊಂಡು ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಹಚ್ಚಿಕೊಳ್ಳಬೇಕು, ಮನೆಗೆ ಬಂದೊಡನೆ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ ಮಾಡಬೇಕು. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಮೂಡಿಗೆರೆ, ಬೇಲೂರು, ಸಕಲೇಶಪುರದ ತೋಟಗಳ ಮಗ್ಗುಲಲ್ಲಿ ಆನೆಯ ಸುದ್ದಿ ಇದ್ದ ದಿನ ಕೂಟ ಬೇಡವೇ ಬೇಡ. ಮಂಜಿನಲ್ಲಿ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ.

ಬಿಟ್ಟುಹೋಗದಂತೆ ನೋಡಿಕೊಳ್ಳುವುದು

ಏಳೆಂಟು ಜನರಿಂದ ಶುರುಮಾಡಿ, ವಾರ ಮತ್ತು ಹೊತ್ತನ್ನು ಬದಲಿಸಬೇಡಿ. ಅಧ್ಯಕ್ಷ, ಕಾರ್ಯದರ್ಶಿ ಎಂದು ಆರಿಸಲು ಹೊರಟರೆ ಎರಡು ಪಂಗಡವಾಗುವುದು ಖಂಡಿತ, ಅದರ ಬದಲು ಈ ವಾರ ಯಾರು ಬಂದಿಲ್ಲವೆಂದು ನೋಡಿ ಸಂಜೆಯೊಳಗೆ ಅವರಿಗೆ ಫೋನ್ ಮಾಡುವ ಹೊಣೆಯನ್ನು ಸರದಿಯಂತೆ ಹಂಚಿ. ಫೋನ್ ಮಾಡಿದಾಗ ಯಾರಾದರೂ ತೀರಾ ಕಷ್ಟದಲ್ಲಿರುವುದು ಗೊತ್ತಾದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ತಿಳಿಸಬಹುದು. ಮಳೆ ಹಿಡಿದ ಮೇಲೆ ಕೆರೆಯೂ ಜಗಲಿಯೂ ಆಗದು. ಜೂನ್ ಬರುವ ಮೊದಲೇ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಶಾಲೆ ಬಿಟ್ಟ ನಂತರದ ಒಂದು ಗಂಟೆ ಮಕ್ಕಳಿಗೆ ಕಥೆ ಓದಲು ಅವಕಾಶ ಕೇಳಿಟ್ಟುಕೊಳ್ಳಿ, ಅದೇ ವಾರ, ಅದೇ ಜನ.