ಒಂದು ಸಂಜೆಗಷ್ಟೇ ಜರಿಯಂಚು: ವೇಷದ ಉಡುಪಿಗೆ ಅಲಂಕಾರ ಕಟ್ಟಿ, ಬಿಚ್ಚುವ ಬಗೆ

ನವೆಂಬರ್ ಹತ್ತಿರವಾದಂತೆ ಮುಂಬಯಿಯ ಕನ್ನಡ ಮನೆಗಳಲ್ಲಿ ಮಗನನ್ನು ಕೃಷ್ಣದೇವರಾಯನನ್ನಾಗಿಯೋ ಮಗಳನ್ನು ಕಿತ್ತೂರು ಚೆನ್ನಮ್ಮನನ್ನಾಗಿಯೋ ಸಿಂಗರಿಸಿ ರಾಜ್ಯೋತ್ಸವದ ವೇದಿಕೆಗೆ ಹತ್ತಿಸುವ ಗಡಿಬಿಡಿ ಶುರುವಾಗುತ್ತದೆ. ಬಾಡಿಗೆಗೆ ಸಿಗುವ ವೇಷಭೂಷಣ ಮಕ್ಕಳ ಅಳತೆಗೆ ಒದಗುವುದು ಅಪರೂಪವಾದ್ದರಿಂದ ಕೊನೆಗೆ ಕೈ ಹೋಗುವುದು ಹಬ್ಬಕ್ಕೆಂದು ಹೊಲಿಸಿದ ಕುರ್ತಾದ ಕಡೆಗೆ, ಇಲ್ಲವೇ ಅಮ್ಮನ ರೇಷ್ಮೆ ಸೀರೆಯ ಕಡೆಗೆ. ಒಂದು ಸಂಜೆ ರಾಜನಾದ ಆ ಕುರ್ತಾ ಮರುದಿನ ಮತ್ತೆ ಬರಿಯ ಕುರ್ತಾ ಆಗಬೇಕು. ಹಾಗಾಗಿ ಅಲಂಕಾರದ ಪಟ್ಟಿಯನ್ನು ಹೇಗೆ ಕೂರಿಸುವುದು ಎಂದು ಯೋಚಿಸುವ ಮೊದಲೇ ಅದನ್ನು ಹೇಗೆ ಕೀಳುವುದು ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಈ ಮಾತು ನನಗೆ ತಡವಾಗಿ ಹೊಳೆಯಿತು. ಹಲವು ವರ್ಷಗಳ ಹಿಂದೆ ಹೊತ್ತು ಮೀರಿತೆಂದು ಹಸಿರು ರೇಷ್ಮೆಯ ಲಂಗಕ್ಕೆ ಜರಿ ಲೇಸನ್ನು ಬಟ್ಟೆಯ ಅಂಟಿನಿಂದ ಅಂಟಿಸಿದೆ. ಕಾರ್ಯಕ್ರಮವೇನೋ ಚೆನ್ನಾಗಿಯೇ ಆಯಿತು, ಆದರೆ ಮರುದಿನ ಲೇಸು ಎಳೆದಾಗ ರೇಷ್ಮೆಯ ಎಳೆಗಳೂ ಅದರ ಜೊತೆಗೆ ಕಿತ್ತುಬಂದು, ಉಳಿದ ಅಂಟು ಕಂದು ಗೆರೆಯಾಗಿ ನಿಂತುಬಿಟ್ಟಿತು. ಎರಡು ಬದಿಗೂ ಅಂಟುವ ಟೇಪು ಅಷ್ಟು ಕೆಡುಕು ಮಾಡದಿದ್ದರೂ ಇಲ್ಲಿಯ ಬೆವರಿನಲ್ಲಿ ಅರ್ಧ ಗಂಟೆ ನಿಲ್ಲುವುದೂ ಕಷ್ಟ. ತಲೆಯ ಪಟ್ಟಿ, ರಟ್ಟಿನ ಕಿರೀಟ ಮುಂತಾದ ಬಟ್ಟೆಯಲ್ಲದ ವಸ್ತುಗಳಿಗೆ ಮಾತ್ರ ಅದನ್ನು ಮೀಸಲಿಡಬಹುದು. ಬಟ್ಟೆಗೆ ಸೂಜಿದಾರವೇ ಸರಿ.

ಲೇಸು, ಗೋಟಾ ಎಂಬ ಹೊಳೆಯುವ ಪಟ್ಟಿ ಮತ್ತು ಜರಿ ಅಂಚುಗಳಿಗೆ ಭುಲೇಶ್ವರದ ಗಲ್ಲಿಗಳಲ್ಲಿ ಆಯ್ಕೆ ಹೆಚ್ಚು. ಕೊಳ್ಳುವಾಗ ಲೇಸನ್ನು ಬೆರಳಿಗೆ ಸುತ್ತಿ ನೋಡಬೇಕು. ಸುತ್ತಿದಾಗ ಮುರಿದಂತೆ ಮಡಚಿಕೊಳ್ಳುವ ಬಿರುಸು ಲೇಸು ನೇರ ಅಂಚಿಗೆ ಆದೀತೇ ಹೊರತು ಕುತ್ತಿಗೆಗೆ ಆಗದು. ಕಲ್ಲು, ಕನ್ನಡಿ ತುಂಬಿದ ಭಾರದ ಲೇಸು ತೆಳು ಬಟ್ಟೆಯನ್ನು ಜಗ್ಗಿ ಕೆಳಂಚನ್ನು ಅಲೆಅಲೆಯಾಗಿಸುತ್ತದೆ. ಇನ್ನು ಅಳತೆಯ ಮಾತು: ಉಡುಪಿನ ಸುತ್ತಳತೆಯ ಮೇಲೆ ತುದಿಗಳನ್ನು ಕೂಡಿಸಲು ಐದು ಸೆಂಟಿಮೀಟರ್, ಪ್ರತಿ ಮೂಲೆಗೆ ಲೇಸಿನ ಅಗಲದ ಎರಡರಷ್ಟು ಹೆಚ್ಚಿಗೆ ಹಿಡಿದರೆ ಸಾಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಲೇಸನ್ನು ನೇರವಾಗಿ ಉಡುಪಿಗೆ ಹೊಲಿಯದೆ, ನಡುವೆ ಒಂದು ಹತ್ತಿಯ ಪಟ್ಟಿಯನ್ನು ತರುವುದು ನಾನು ಕಂಡ ಎಲ್ಲ ದಾರಿಗಳಲ್ಲಿ ಉತ್ತಮವಾದದ್ದು. ಲೇಸು ಕಿರಿದಾಗಿದ್ದರೆ ಲಂಗಕ್ಕೆ ಹಾಕುವ ಚಪ್ಪಟೆ ಲಾಡಿ ಸಾಕಾಗುತ್ತದೆ. ಅಗಲವಾಗಿದ್ದರೆ ಸೀರೆಯ ಫಾಲ್ಸನ್ನು ಉದ್ದಕ್ಕೆ ಕತ್ತರಿಸಿ, ಎರಡೂ ಅಂಚುಗಳನ್ನು ಒಳಕ್ಕೆ ಮಡಚಿಕೊಳ್ಳಬೇಕು. ಯಾವುದೇ ಆದರೂ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು, ಇಲ್ಲವಾದರೆ ಮುಂದೆ ಅದು ಕುಗ್ಗಿದಾಗ ಲೇಸು ಸುಕ್ಕುಗಟ್ಟುತ್ತದೆ. ಪಟ್ಟಿಯು ಲೇಸಿಗಿಂತ ಎರಡೂ ಬದಿಗೆ ಮೂರು ನಾಲ್ಕು ಮಿಲಿಮೀಟರ್ ಕಿರಿದಾಗಿರಲಿ. ಲೇಸನ್ನು ಪಟ್ಟಿಯ ನಡುಭಾಗಕ್ಕೆ ಬೇಕಾದರೆ ಮಷೀನಿನಲ್ಲೇ ಗಟ್ಟಿಯಾಗಿ ಹೊಲಿದುಬಿಡಬಹುದು, ಏಕೆಂದರೆ ಈ ಜೋಡಿಯನ್ನು ಮತ್ತೆ ಬಿಡಿಸುವ ಪ್ರಸಂಗ ಬರುವುದಿಲ್ಲ. ಉಡುಪಿಗೆ ಅಂಟಿಕೊಳ್ಳುವುದು ಹತ್ತಿಯ ಪಟ್ಟಿ ಮಾತ್ರ.

ಪಟ್ಟಿಯನ್ನು ಉಡುಪಿಗೆ ಕೂಡಿಸಲು ಕಚ್ಚಾ ಹೊಲಿಗೆ ಬೇಕು. ಇಲ್ಲಿಯ ಮರಾಠಿ ಮನೆಗಳಲ್ಲಿ ಧಾವ್‌ದೋರಾ ಎನ್ನುತ್ತಾರೆ. ದಾರ ಓಡಿದ ಹಾಗೆ ಹೋಗುವ ಹೊಲಿಗೆಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಸಿಕ್ಕಿಲ್ಲ. ಉಡುಪನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಪಟ್ಟಿಯನ್ನು ಅಂಚಿನುದ್ದಕ್ಕೂ ಹತ್ತು ಸೆಂಟಿಮೀಟರಿಗೊಂದರಂತೆ ಗುಂಡುಪಿನ್ನು ಚುಚ್ಚಿ ನಿಲ್ಲಿಸಬೇಕು. ತೊಡೆಯ ಮೇಲಿಟ್ಟುಕೊಂಡು ಹೊಲಿದರೆ ಮೊಣಕಾಲಿನ ಉಬ್ಬಿಗೆ ಬಟ್ಟೆ ಎಳೆದುಕೊಂಡು, ತೊಟ್ಟಾಗ ಲೇಸು ಒಂದು ಕಡೆ ಜೋಲುತ್ತದೆ. ಹತ್ತಿಯ ಒಂಟಿ ಎಳೆಯ ದಾರವನ್ನೇ ಬಳಸುವುದು ಒಳ್ಳೆಯದು: ಎಲ್ಲಿಯಾದರೂ ಸಿಕ್ಕಿಕೊಂಡು ಜಗ್ಗಿದರೆ ದಾರ ತುಂಡಾಗುತ್ತದೆ, ಬಟ್ಟೆ ಉಳಿಯುತ್ತದೆ, ಪಾಲಿಯೆಸ್ಟರ್ ದಾರ ಹರಿಯದೆ ಬಟ್ಟೆಯನ್ನೇ ಹರಿಯುತ್ತದೆ. ಲೇಸಿನ ಅಂಚನ್ನು ಹೆಬ್ಬೆರಳಿನಿಂದ ಮೇಲಕ್ಕೆತ್ತಿ, ಅದರಡಿಯ ಪಟ್ಟಿಯ ತುದಿಯಲ್ಲಿ ಒಂದೂವರೆ ಸೆಂಟಿಮೀಟರ್ ಉದ್ದದ ಹೊಲಿಗೆಗಳನ್ನು ಹಾಕುತ್ತ ಹೋಗಬೇಕು. ಹೀಗೆ ಮಾಡಿದರೆ ಬೆರಳು ಬಿಟ್ಟಾಗ ಲೇಸು ಮತ್ತೆ ಮಲಗಿ ಹೊಲಿಗೆಯನ್ನು ಮುಚ್ಚಿಬಿಡುತ್ತದೆ. ಪ್ರತಿ ಹತ್ತು ಹೊಲಿಗೆಗೊಮ್ಮೆ ಒಂದನ್ನು ಹಿಂದಕ್ಕೆ ಹಾಕಿದರೆ, ದಾರ ಒಂದೆಡೆ ತುಂಡಾದರೂ ಇಡೀ ಪಟ್ಟಿ ಕಳಚಿಕೊಳ್ಳುವುದಿಲ್ಲ. ಗಂಟು ಉಡುಪಿನ ಒಳಗೆ ಬೇಡ, ಲೇಸಿನಡಿಯಲ್ಲೇ ಇರಲಿ. ಬಿಚ್ಚುವ ದಿನ ಅದನ್ನು ಹುಡುಕಬೇಕಾಗುತ್ತದೆ. ದಾರದ ಬಣ್ಣವೂ ಉಡುಪಿನ ಬಣ್ಣದ್ದಾಗಿರದೆ ಬೇರೆಯಾಗಿರಲಿ, ಕೆಂಪು ಬಟ್ಟೆಗೆ ಬಿಳಿಯ ದಾರವಿದ್ದರೆ ಒಳಬದಿಯಲ್ಲಿ ಕತ್ತರಿಸಲು ಕಣ್ಣಿಗೆ ಥಟ್ಟನೆ ಸಿಗುತ್ತದೆ. ಅಲಂಕಾರದ ಅಡಿಯಲ್ಲಿ ಅಡಗುವ ದಾರದ ಬಣ್ಣವನ್ನು ಪ್ರೇಕ್ಷಕರು ಕೇಳಲು ಬರುವುದಿಲ್ಲ.

ಕುತ್ತಿಗೆಯ ಸುತ್ತು ಮಾತ್ರ ತಾಳ್ಮೆ ಬೇಡುತ್ತದೆ. ನೇರವಾದ ಲೇಸನ್ನು ಬಾಗಿಸಿದಾಗ ಹೊರಗಿನ ಅಂಚಿಗೆ ಹೆಚ್ಚು ಉದ್ದ ಬೇಕು, ಒಳಗಿನದಕ್ಕೆ ಕಡಿಮೆ. ಆದ್ದರಿಂದ ಹೊರಗಿನ ಅಂಚನ್ನು ಮೊದಲು ಸಮನಾಗಿ ಕೂರಿಸಿ, ಒಳ ಅಂಚಿನಲ್ಲಿ ಸಣ್ಣ ಹೊಲಿಗೆಯ ದಾರವೊಂದನ್ನು ಓಡಿಸಿ, ಸಂಚಿಯ ಬಾಯಿ ಎಳೆದಂತೆ ಮೆಲ್ಲನೆ ಎಳೆದರೆ ಹೆಚ್ಚಿನ ಉದ್ದ ಸಣ್ಣ ನೆರಿಗೆಯಾಗಿ ಹಂಚಿಹೋಗುತ್ತದೆ. ಬಾಗಲೆಂದು ಲೇಸಿಗೆ ಕತ್ತರಿ ಹಾಕಿದರೆ ಎಳೆ ಬಿಚ್ಚಿ ಕೆಲಸ ಕೆಡುತ್ತದೆ. ಇಲ್ಲಿ ಮತ್ತೊಂದು ಎಚ್ಚರ: ಟಿ-ಶರ್ಟ್, ಲೆಗ್ಗಿಂಗ್ಸ್‌ನಂಥ ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ತಲೆ ತೂರಿಸುವಾಗಲೇ ಚಟಪಟ ಹರಿಯುತ್ತದೆ, ಅಂಕುಡೊಂಕಾದ ಸಡಿಲ ಹೊಲಿಗೆ ಹಾಕಬೇಕು, ಅಥವಾ ಲೇಸನ್ನು ತುಂಡುಗಳಾಗಿಸಿ ನಡುವೆ ತೆರಪು ಬಿಡಬೇಕು.

ರೇಷ್ಮೆಗೆ ಸಣ್ಣ ಸೂಜಿ ಬೇಕು. ಕೈಸೂಜಿಯ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಣ್ಣದಾಗುತ್ತದೆ, 9 ಅಥವಾ 10ನೆಯ ಸಂಖ್ಯೆ ಸರಿಹೋಗುತ್ತದೆ. ಇಸ್ತ್ರಿಯ ವಿಷಯದಲ್ಲಿ ಇಂದು ಅಗ್ಗವಾಗಿ ಸಿಗುವ ಜರಿಯ ಬಹುಪಾಲು ಲೋಹದ ಲೇಪವಿರುವ ಪ್ಲಾಸ್ಟಿಕ್ಕೆಂಬುದನ್ನು ಮರೆಯಬಾರದು. ಬಿಸಿ ತಾಗಿದರೆ ಅದು ಮುದುಡಿ ಇಸ್ತ್ರಿಪೆಟ್ಟಿಗೆಗೇ ಅಂಟುತ್ತದೆ, ಹಾಗಾಗಿ ಉಡುಪನ್ನು ಮೊದಲೇ ಇಸ್ತ್ರಿ ಮಾಡಿ, ಆಮೇಲೆ ಲೇಸು ಕೂಡಿಸಬೇಕು.

ವೇಷ ಮನೆಯಿಂದ ಮಾಟುಂಗದ ಮೈಸೂರು ಅಸೋಸಿಯೇಷನ್‌ನಂಥ ಸಭಾಂಗಣಕ್ಕೆ ಲೋಕಲ್ ರೈಲಿನಲ್ಲಿ ಹೋಗಬೇಕಾದರೆ ಇನ್ನೊಂದು ಯೋಚನೆ ಬರುತ್ತದೆ. ಡೊಂಬಿವಿಲಿಯಿಂದ ಹತ್ತುವ ಗದ್ದಲದಲ್ಲಿ ತೂಗಾಡುವ ಗೊಂಡೆ, ಮಣಿಸರ, ಭುಜಪಟ್ಟಿಗಳು ಯಾರದೋ ಚೀಲದ ಕೊಂಡಿಗೆ ಸಿಕ್ಕಿಕೊಳ್ಳುವುದು ಖಂಡಿತ. ಅಂಥವನ್ನು ಹೊಲಿಯದೆ ಟಿಚ್ ಬಟನ್ ಹಾಕಿ ಬೇರೆಯೇ ಒಯ್ಯುವುದು ಮೇಲು; ಬಟನ್ನಿನ ಒಂದು ಭಾಗ ಪಟ್ಟಿಯಲ್ಲಿ, ಇನ್ನೊಂದು ಭಾಗ ಉಡುಪಿನ ಹೊಲಿಗೆ ಕೂಡುವ ಗಟ್ಟಿ ಜಾಗದಲ್ಲಿ ಇರಲಿ. ಸೇಫ್ಟಿ ಪಿನ್ನು ಕೊನೆಯ ಗಳಿಗೆಯ ಗೆಳೆಯನೇ ಸರಿ, ಆದರೆ ಇಲ್ಲಿಯ ತೇವದ ಹವೆಯಲ್ಲಿ ಅಗ್ಗದ ಪಿನ್ನು ಬೇಗನೆ ತುಕ್ಕು ಹಿಡಿದು ರೇಷ್ಮೆಯಲ್ಲಿ ಕಲೆ ಮಾಡುತ್ತದೆ. ಹಾಕಿದ ಪಿನ್ನುಗಳನ್ನು ಎಣಿಸಿಟ್ಟುಕೊಂಡು ಅದೇ ರಾತ್ರಿ ತೆಗೆಯಬೇಕು; ಮಕ್ಕಳ ವೇಷವಾದರೆ ಪಿನ್ನಿನ ಬಾಯಿ ಮೈಗೆ ತಾಗದಂತೆ ಹೊರಮುಖವಾಗಿರಬೇಕು.

ಬಿಚ್ಚುವಾಗ ದಾರದ ಒಂದು ತುದಿ ಹಿಡಿದು ಉದ್ದಕ್ಕೂ ಜಗ್ಗುವ ಆಸೆ ಬೇಡ. ಒಳಬದಿಯಲ್ಲಿ ಮೂರು ನಾಲ್ಕು ಹೊಲಿಗೆಗೊಮ್ಮೆ ದಾರವನ್ನು ಕತ್ತರಿಸಿ, ಲೇಸಿನಡಿಯ ಗಂಟನ್ನು ಹಿಡಿದು ತುಂಡುತುಂಡಾಗಿ ಎಳೆಯಬೇಕು. ರೇಷ್ಮೆಯಲ್ಲಿ ಸೂಜಿಯ ತೂತು ಉಳಿದಿದ್ದರೆ ದೂರದಿಂದ ಹಬೆ ಕೊಟ್ಟು, ಉಗುರಿನ ಹಿಂಬದಿಯಿಂದ ಉದ್ದಕ್ಕೂ ಅಡ್ಡಕ್ಕೂ ನವಿರಾಗಿ ಸವರಿದರೆ ಎಳೆಗಳು ಬಹುಮಟ್ಟಿಗೆ ಕೂಡಿಕೊಳ್ಳುತ್ತವೆ. ಬಿಚ್ಚಿದ ಪಟ್ಟಿಯನ್ನು ಮಡಚಿದರೆ ಜರಿ ಮುರಿಯುತ್ತದೆ, ಲೇಸಿನ ಮುಖ ಹೊರಗಿರುವಂತೆ ರಟ್ಟಿನ ಕೊಳವೆಗೆ ಸುತ್ತಿಟ್ಟು ಚೀಟಿ ಅಂಟಿಸಬೇಕು. ನಮ್ಮ ಮನೆಯ ಕಪಾಟಿನಲ್ಲಿ ಈಗ ಅಂಥ ಏಳು ಕೊಳವೆಗಳಿವೆ. ಅತಿ ಹಳೆಯದರ ಮೇಲಿನ ಚೀಟಿಯಲ್ಲಿ ‘ರಾಯನ ಕುರ್ತಾ, ಕೆಳಂಚು, 118 ಸೆಂ.ಮೀ.’ ಎಂದಿದೆ, ಅದರ ಕೆಳಗೆ ಅದನ್ನು ಎರವಲು ಒಯ್ದ ಮೂರು ಮನೆಗಳ ಹೆಸರುಗಳಿವೆ.