ಬೀದಿ ತಿರುವಿನ ಸುದ್ದಿ ಹಲಗೆ: ಶಿವರಾತ್ರಿಯಿಂದ ಮುಂಗಾರಿನವರೆಗೆ

ದಾವಣಗೆರೆಯಲ್ಲಿ ಶಿವರಾತ್ರಿ ಕಳೆದು ಹೊಂಗೆ ಚಿಗುರುವ ಹೊತ್ತಿಗೆ ಬಡಾವಣೆಯ ಪ್ರಶ್ನೆಗಳೂ ಚಿಗುರುತ್ತವೆ. ನೀರು ಯಾವತ್ತು ಬಿಡ್ತಾರೆ, ಕಂದಾಯ ಎಂದಿನಿಂದ ಕಟ್ಟಬಹುದು, ಚರಂಡಿ ಹೂಳು ಮಳೆಗೆ ಮೊದಲು ತೆಗೀತಾರೋ ಇಲ್ಲವೋ. ಈ ಮೂರೂವರೆ ತಿಂಗಳು ನಾವು ಹಾಲಿನ ಬೂತಿನ ಪಕ್ಕದ ಗೋಡೆಯ ಮೇಲೆ ಒಂದು ಕರಿಹಲಗೆ ನಡೆಸುತ್ತೇವೆ. ಮುನ್ನೂರು ಚಿಲ್ಲರೆ ಮನೆಗಳಿಗೆ ಒಂದೇ ಹಲಗೆ. ವಾಟ್ಸ್‌ಆ್ಯಪ್ ಗುಂಪೂ ಇದೆ, ಆದರೆ ಅಲ್ಲಿ ಬೆಳಿಗ್ಗೆ ಹಾಕಿದ ನೀರಿನ ಸುದ್ದಿ ಸಂಜೆಯೊಳಗೆ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ಹೋದ ವರ್ಷದ ಸಂದೇಶ ಈ ವರ್ಷ ಮತ್ತೆ ಸುತ್ತುತ್ತದೆ. ಬಾಡಿಗೆಗೆ ಹೊಸದಾಗಿ ಬಂದವರು, ಮನೆಯಲ್ಲಿರುವ ಅಜ್ಜಿಯರು ಗುಂಪಿನಲ್ಲೇ ಇರುವುದಿಲ್ಲ. ಹಾಲಿಗೆ ಮಾತ್ರ ಎಲ್ಲ ಮನೆಯಿಂದಲೂ ಒಬ್ಬರು ಬರುತ್ತಾರೆ.

ಮೊದಲು ಹಲಗೆಯ ವಿಷಯ. ನೀರು ತಡೆಯುವ 12 ಮಿ.ಮೀ. ಪ್ಲೈವುಡ್, ಅಗಲ 4 ಅಡಿ, ಎತ್ತರ 3 ಅಡಿ. ಅಂಗಡಿಯವರು ಕತ್ತರಿಸಿ ಕೊಟ್ಟ ಅಂಚು ತೆರೆದೇ ಇರುತ್ತದೆ, ಅದಕ್ಕೆ ಬಣ್ಣ ಹೊಡೆಯದೆ ಬಿಟ್ಟರೆ ಒಂದೇ ಮಳೆಗೆ ಪದರ ಬಿಟ್ಟುಕೊಂಡು ಉಬ್ಬುತ್ತದೆ. ಆದ್ದರಿಂದ ನಾಲ್ಕೂ ಅಂಚಿಗೆ ಮತ್ತು ಹಿಂಬದಿಗೆ ಮೊದಲು ಆಯಿಲ್ ಪೇಂಟ್. ಮುಂಬದಿಗೆ 220 ನಂಬರಿನ ಮರಳು ಕಾಗದ ಉಜ್ಜಿ, ಕರಿಹಲಗೆ ಬಣ್ಣ ಎರಡು ಕೈ. ಅರ್ಧ ಲೀಟರ್ ಡಬ್ಬಿ ಸಾಕಾಗಿ ಉಳಿಯುತ್ತದೆ. ಒಂದು ಕೈಗೂ ಇನ್ನೊಂದಕ್ಕೂ ನಡುವೆ ಒಂದು ಪೂರ್ತಿ ದಿನ ಬಿಡಬೇಕು, ಕೊನೆಯ ಕೈ ಆದಮೇಲೆ ಮೂರು ದಿನ ಯಾರೂ ಬರೆಯಬಾರದು. ಆಮೇಲೆ ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ಹಲಗೆ ಪೂರ್ತಿ ಬಿಳಿಯಾಗುವಂತೆ ಉಜ್ಜಿ ಒಣ ಬಟ್ಟೆಯಿಂದ ಒರೆಸಬೇಕು. ಇದನ್ನು ಬಿಟ್ಟರೆ ಮೊದಲ ದಿನ ಬರೆದ ಅಕ್ಷರ ಬಣ್ಣದ ಸಣ್ಣ ರಂಧ್ರಗಳೊಳಗೆ ಕೂತು, ಎಷ್ಟು ಒರೆಸಿದರೂ ನೆರಳಿನ ಹಾಗೆ ಕಾಣುತ್ತಲೇ ಇರುತ್ತದೆ.

ಪಡುವಣ ದಿಕ್ಕಿಗೆ ಮುಖಮಾಡಿ ಹಾಕಬೇಡಿ. ಮಾರ್ಚಿ, ಏಪ್ರಿಲ್‌ನಲ್ಲಿ ಜನ ಕೆಲಸದಿಂದ ಮರಳುವ ಐದೂವರೆ ಹೊತ್ತಿಗೆ ಬಿಸಿಲು ನೇರ ಹಲಗೆಗೆ ಬಡಿದು ಏನೂ ಓದಲಾಗುವುದಿಲ್ಲ. ಮೂಡಣ ಅಥವಾ ಬಡಗಣ ಗೋಡೆ, ಮೇಲೆ ಒಂಬತ್ತು ಇಂಚಿನ ತಗಡಿನ ಚಾಚು. ಕೆಳ ಅಂಚು ನೆಲದಿಂದ 3 ಅಡಿ ಎತ್ತರದಲ್ಲಿದ್ದರೆ ಮೇಲಂಚು 6 ಅಡಿಗೆ ಬರುತ್ತದೆ, ಮಕ್ಕಳಿಗೂ ಓದಲು ಸಿಗುತ್ತದೆ. ಗೋಡೆಯ ಮಾಲೀಕರಿಂದ ಒಂದು ಚೀಟಿಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ. ಕರೆಂಟ್ ಕಂಬಕ್ಕೆ, ಶಾಲೆ ಕಾಂಪೌಂಡಿಗೆ, ಪಾಲಿಕೆಯ ಗೋಡೆಗೆ ಅನುಮತಿಯಿಲ್ಲದೆ ಏನನ್ನೂ ಅಂಟಿಸುವಂತಿಲ್ಲ, ಅದಕ್ಕೆ 1981ರ ರಾಜ್ಯ ಕಾಯ್ದೆಯಿದೆ. ಊರು ಚೆಂದ ಇರಲಿ ಎಂದು ಹೊರಟವರೇ ಕಂಬಕ್ಕೆ ಕಾಗದ ಮೆತ್ತಬಾರದು.

ಅಕ್ಷರದ ಅಳತೆಯಲ್ಲಿ ಎಲ್ಲರೂ ಎಡವುತ್ತಾರೆ. ಹಾಲು ಹಿಡಿದು ನಿಂತವರು ಹತ್ತು ಹದಿನೈದು ಅಡಿ ದೂರದಿಂದ ಓದುತ್ತಾರೆ. ಅದಕ್ಕೆ 2 ಇಂಚು ಎತ್ತರದ ಅಕ್ಷರ ಬೇಕು. ಕನ್ನಡಕ್ಕೆ ಸಾಲುಗಳ ನಡುವೆ ಇನ್ನೂ 2 ಇಂಚು ಜಾಗ ಬೇಕು, ಏಕೆಂದರೆ ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇರುತ್ತದೆ. ಇಕ್ಕಟ್ಟಾಗಿ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಅಂಕಿಗೆ ತಾಗಿ 5 ಯಾವುದು 6 ಯಾವುದು ತಿಳಿಯುವುದಿಲ್ಲ, ನೀರಿನ ಗಂಟೆ ತಪ್ಪುತ್ತದೆ. ಈ ಲೆಕ್ಕದಲ್ಲಿ ತಲೆಬರಹ, ದಿನಾಂಕ ಕಳೆದು ನಮಗೆ ಸಿಗುವುದು 8 ಸಾಲು, ಸಾಲಿಗೆ ಸುಮಾರು 22 ಅಕ್ಷರ. ಅಂದರೆ ನಾಲ್ಕೇ ಸುದ್ದಿ. ಐದನೆಯದು ಬಂದರೆ ಯಾವುದಾದರೂ ಒಂದು ಕಾಯಬೇಕು. ಸೀಮೆಸುಣ್ಣವನ್ನು ಸಕ್ಕರೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಸಿಯಾಗಿಯೇ ಬರೆದರೆ ಒಣಗಿದ ಮೇಲೆ ಅಚ್ಚ ಬಿಳಿಯಾಗುತ್ತದೆ, ಕೈ ತಾಗಿದರೂ ಅಳಿಯುವುದಿಲ್ಲ. ಅಳಿಸಬೇಕಾದಾಗ ಒದ್ದೆ ಬಟ್ಟೆಯಿಂದ ಒರೆಸಬೇಕು.

ಇನ್ನು ಬರೆಯುವುದು ಏನನ್ನು? ನಮ್ಮ ಹಲಗೆಯ ಮೊದಲ ಕಟ್ಟುಪಾಡು: ಪ್ರತಿ ಸುದ್ದಿಗೂ ನಂಬರು, ಆ ಕೆಲಸ ಮುಗಿಯುವವರೆಗೆ ನಂಬರು ಹಲಗೆಯಿಂದ ಇಳಿಯುವುದಿಲ್ಲ. ಸುದ್ದಿ ಹಳತಾಯಿತು ಎಂದು ಒರೆಸಿಬಿಟ್ಟರೆ ಜನ ಹಲಗೆಯನ್ನು ಜಾಹೀರಾತು ಓದಿದ ಹಾಗೆ ಓದಿ ಮುಂದೆ ಹೋಗುತ್ತಾರೆ. ‘ನಂ. 9’ ಹನ್ನೆರಡು ದಿನದಿಂದ ಅಲ್ಲೇ ಇದ್ದರೆ ಯಾರಾದರೂ ನಿಂತು ಕೇಳಿಯೇ ಕೇಳುತ್ತಾರೆ, ‘ಅಣ್ಣಾ, ಒಂಬತ್ತನೇದು ಏನಾತು?’ ಈ ಪ್ರಶ್ನೆ ಹುಟ್ಟಿಸುವುದಕ್ಕೇ ಹಲಗೆ ಇರುವುದು. ಜಾಗ ಸಾಲದಾಗ ಹಳೆಯ ಬಾಕಿಗಳನ್ನು ಕೊನೆಯ ಸಾಲಿನಲ್ಲಿ ಬರೀ ನಂಬರಾಗಿ ಬರೆಯುತ್ತೇವೆ, ‘ಬಾಕಿ: 4, 6, 9’. ವಿವರ ಬೂತಿನಲ್ಲಿಟ್ಟ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ.

‘ನೀರಿನ ಸಮಸ್ಯೆಗೆ ಎಲ್ಲರೂ ಸಹಕರಿಸಿ’ ಎಂದು ಬರೆದರೆ ಯಾರಿಗೂ ಏನೂ ಆಗುವುದಿಲ್ಲ. ‘ನಂ. 7. 3ನೇ ಕ್ರಾಸ್ ನೀರು ಬುಧ ಬೆಳಿಗ್ಗೆ 5–8. ಬರದಿದ್ದರೆ 8.30ಕ್ಕೆ ಬೂತಿನಲ್ಲಿ ಬರೆಸಿ’ ಎಂದರೆ ಆಗುತ್ತದೆ. ಎಲ್ಲಿ, ಯಾವಾಗ, ಯಾರ ಕೆಲಸ, ಓದಿದವರು ಏನು ಮಾಡಬೇಕು, ಈ ನಾಲ್ಕರಲ್ಲಿ ಒಂದು ತಿಳಿಯದಿದ್ದರೂ ಆ ಸುದ್ದಿಯನ್ನು ತಡೆಹಿಡಿಯುತ್ತೇವೆ. ನೀರು ಬಿಡುವ ವಾಲ್ವ್‌ಮನ್ ಬಾಯಿಂದ ಕೇಳಿದ್ದನ್ನು ಇನ್ನೊಬ್ಬರಿಂದ ಖಚಿತ ಮಾಡಿಕೊಳ್ಳದೆ ಬರೆಯುವುದಿಲ್ಲ. ಸುದ್ದಿ ಬದಲಾದರೆ ಹಳೆಯದನ್ನು ಒರೆಸದೆ ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆಯುತ್ತೇವೆ, ನಿನ್ನೆ ಓದಿಹೋದವರಿಗೆ ಬದಲಾಗಿದೆ ಎಂಬುದು ಕಣ್ಣಿಗೆ ಬೀಳಬೇಕು. ಕಂದಾಯ ಬಾಕಿ ಇಟ್ಟವರ ಹೆಸರು, ಕಸ ಎಸೆದವರ ಹೆಸರು, ಯಾರ ಫೋನ್ ನಂಬರೂ ಹಲಗೆ ಮೇಲೆ ಬರುವುದಿಲ್ಲ. ಒಮ್ಮೆ ಒಬ್ಬರ ಮಾನ ಹೋದರೆ ಆ ಮನೆಯಷ್ಟೇ ಅಲ್ಲ, ಅವರ ನೆಂಟರ ನಾಲ್ಕು ಮನೆಯೂ ಹಲಗೆ ಓದುವುದು ಬಿಡುತ್ತವೆ.

ಬೇಸಿಗೆಯ ದೊಡ್ಡ ಸುದ್ದಿ ನೀರು. ಊರಿಗೆ ನೀರು ಬರುವುದು ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿ, ಮತ್ತು ಭದ್ರಾ ನಾಲೆಯಿಂದ ತುಂಬಿಸಿಕೊಳ್ಳುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ. ನಾಲೆ ನಿಂತ ದಿನಗಳಲ್ಲಿ ಕೆರೆಯಲ್ಲಿರುವುದನ್ನೇ ಹಂಚಬೇಕು, ಆಗ ಸರದಿ ಹಿಂದೆ ಮುಂದೆ ಆಗುತ್ತದೆ. ‘ನಮಗೆ ನೀರು ಕಮ್ಮಿ’ ಎಂದು ಕಚೇರಿಗೆ ಹೋದರೆ ‘ಎಲ್ಲರಿಗೂ ಕಮ್ಮಿನೇ ರೀ’ ಎಂಬ ಉತ್ತರ ಸಿದ್ಧವಿರುತ್ತದೆ. ಅಳತೆ ಹಿಡಿದು ಹೋದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಅಳೆಯಲು ಬೇಕಾದ್ದು 20 ಲೀಟರಿನ ಒಂದು ಕ್ಯಾನು, ಫೋನಿನ ಗಡಿಯಾರ. ಪ್ರತಿ ಕ್ರಾಸಿನ ಮೊದಲ ಮನೆ, ನಡುವಿನ ಮನೆ, ಕೊನೆಯ ಮನೆ, ಮೂರು ಕಡೆ ನೀರು ಬಂದು ಅರ್ಧ ಗಂಟೆಯಾದ ಮೇಲೆ ಕ್ಯಾನು ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆಯಬೇಕು. ಮೊದಲ ಮನೆಯಲ್ಲಿ 60 ಸೆಕೆಂಡು ಎಂದರೆ ನಿಮಿಷಕ್ಕೆ 20 ಲೀಟರ್, ಮೂರು ಗಂಟೆಗೆ 3,600 ಲೀಟರ್. ಕೊನೆಯ ಮನೆಯಲ್ಲಿ 4 ನಿಮಿಷ ಎಂದರೆ ಅದೇ ಮೂರು ಗಂಟೆಗೆ 900 ಲೀಟರ್. ಒಂದೇ ಬೀದಿಯ ಈ ಎರಡು ಅಂಕಿ ಪಕ್ಕಪಕ್ಕ ನಿಂತಾಗ ಅದು ನೀರಿನ ಕೊರತೆಯಲ್ಲ, ಹಂಚಿಕೆಯ ಕೊರತೆ ಎಂದು ಇಂಜಿನಿಯರಿಗೂ ಕಾಣುತ್ತದೆ.

ಅಳತೆ ಕೆಡುವುದು ಎರಡು ಕಾರಣಕ್ಕೆ. ನಲ್ಲಿ ಪೈಪಿಗೇ ನೇರ ಮೋಟರು ಹಾಕಿ ಎಳೆಯುವ ಮನೆಯಿದ್ದರೆ ಅದರ ಮುಂದಿನವರ ಅಂಕಿ ದಿನಕ್ಕೊಂದು ಥರ ಬರುತ್ತದೆ, ಅದನ್ನು ಮೊದಲು ಬೀದಿಯಲ್ಲೇ ಮಾತಾಡಿ ನಿಲ್ಲಿಸಬೇಕು. ಎರಡನೆಯದು, ಸಂಪಿನೊಳಗಿನ ನಲ್ಲಿ ರಸ್ತೆಗಿಂತ ತಗ್ಗಿನಲ್ಲಿರುವುದರಿಂದ ಅಲ್ಲಿ ಅಳೆದರೆ ಹೆಚ್ಚು ತೋರಿಸುತ್ತದೆ. ಮೂರೂ ಮನೆಯಲ್ಲಿ ನೆಲಮಟ್ಟದ ನಲ್ಲಿಯಲ್ಲೇ ಅಳೆಯಿರಿ. ಕನಿಷ್ಠ ಆರು ಸರದಿಯ ಅಂಕಿ ಬೇಕು, ಒಂದೆರಡು ದಿನದ್ದನ್ನು ಯಾರೂ ಒಪ್ಪುವುದಿಲ್ಲ. ಜೊತೆಗೆ ಮೊದಲ ಐದು ನಿಮಿಷದ ನೀರಿನ ಬಣ್ಣ, ವಾಸನೆ ಬರೆದಿಡಿ. ಮೊದಲು ಕಪ್ಪಗೆ ಬಂದು ಆಮೇಲೆ ತಿಳಿಯಾದರೆ ಎಲ್ಲೋ ಚರಂಡಿ ನೀರು ಪೈಪಿಗೆ ಸೇರುತ್ತಿರಬಹುದು. ಕ್ಲೋರಿನ್ ನೋಡುವ ಸಣ್ಣ ಕಿಟ್ ಬೀದಿಗೊಂದಿದ್ದರೆ ಸಾಕು. ಕುಡಿಯುವ ನೀರಿನ ಭಾರತೀಯ ಮಾನದಂಡ ಕೇಳುವುದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್. ಕೊನೆಯ ಮನೆಯ ನೀರಿಗೆ ಕಿಟ್ಟಿನ ಔಷಧಿ ಹಾಕಿದಾಗ ಬಣ್ಣವೇ ಬರದಿದ್ದರೆ ಅದು ಅವತ್ತೇ ಹೇಳಬೇಕಾದ ವಿಷಯ, ಹಲಗೆಯ ಸರದಿಗೆ ಕಾಯಬಾರದು.

ಯುಗಾದಿ ಆಸುಪಾಸಿನಲ್ಲಿ ಕಂದಾಯದ ಸುದ್ದಿ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು, ಪೂರ್ತಿ ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳೊಳಗೆ ಕಟ್ಟಿದವರಿಗೆ ಶೇ. 5 ರಿಯಾಯಿತಿ. 4,000 ರೂಪಾಯಿ ತೆರಿಗೆಯಿದ್ದರೆ 200 ಉಳಿಯಿತು. ಇದನ್ನು ಮಾರ್ಚ್ 25ಕ್ಕೇ ಬರೆಯುತ್ತೇವೆ, ಏಕೆಂದರೆ ತಿಂಗಳ ಕೊನೆಯ ವಾರ ಸಾಲು ಉದ್ದ, ಕಂಪ್ಯೂಟರ್ ನಿಧಾನ. ಹೋದ ವರ್ಷದ ರಸೀದಿ ಒಯ್ಯಿರಿ, ಆಸ್ತಿಯ ಗುರುತಿನ ನಂಬರನ್ನು ಹಣ ಕೊಡುವ ಮುಂಚೆ ಅಂಕಿ ಅಂಕಿಯಾಗಿ ತಾಳೆ ನೋಡಿ. ಪಕ್ಕದ ಸೈಟಿನ ನಂಬರಿಗೆ ಹಣ ಬಿದ್ದರೆ ತೆಗೆಸುವುದು ತಿಂಗಳುಗಟ್ಟಲೆ ಕೆಲಸ. ಮತದಾರರ ಪಟ್ಟಿಯದೂ ಇದೇ ಹೊತ್ತಿನ ಸುದ್ದಿ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನ, ಏಪ್ರಿಲ್ 1ಕ್ಕೆ ಹದಿನೆಂಟು ತುಂಬಿದವರು ಹೆಸರು ಸೇರಿಸಲು ನಮೂನೆ 6 ಕೊಡಬಹುದು, ಮನೆ ಬದಲಿಸಿದವರಿಗೆ ನಮೂನೆ 8. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಹಲಗೆಯ ಅರ್ಧ ಭಾಗ ಯಾವ ರಸ್ತೆ ಬಂದ್, ಕಸದ ಗಾಡಿ ಎಷ್ಟು ಹೊತ್ತಿಗೆ ಎಂಬುದಕ್ಕೇ ಬೇಕು.

ಬೀದಿ ದೀಪದ ದೂರು ತಪ್ಪು ಬಾಗಿಲಿಗೆ ಹೋಗುವುದೇ ಹೆಚ್ಚು. ಬಲ್ಬು ಪಾಲಿಕೆಯದು. ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿ ಬೆಸ್ಕಾಂನದು, ಅದಕ್ಕೆ ಅವರ ಸಹಾಯವಾಣಿ 1912. ಯಾವುದಕ್ಕೇ ಆಗಲಿ ಕಂಬದ ಮೇಲೆ ಬಣ್ಣದಲ್ಲಿ ಬರೆದಿರುವ ನಂಬರು ಹೇಳಿ. ‘ಬೇವಿನ ಮರದ ಹತ್ತಿರ’ ಎಂದರೆ ನಮಗೆ ಗೊತ್ತು, ಏಣಿ ತರುವವರಿಗೆ ಗೊತ್ತಿಲ್ಲ.

ಸಭೆಯನ್ನು ಎರಡು ತಿಂಗಳಿಗೊಮ್ಮೆ ಕರೆಯುತ್ತೇವೆ. ನೀರು ಬಿಡುವ ದಿನ ಇಟ್ಟರೆ ಹೆಂಗಸರು ಒಬ್ಬರೂ ಬರುವುದಿಲ್ಲ, ನೀರಿನ ಬಗ್ಗೆ ಗಂಡಸರೇ ಮಾತಾಡಿ ಎದ್ದುಹೋಗುತ್ತಾರೆ. ಮಾರ್ಚಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿರುವುದರಿಂದ ಮೈಕು ಬೇಡ. ಭಾನುವಾರ ಸಂಜೆ ಆರಕ್ಕೆ, ಗುಡಿ ಕಟ್ಟೆ ಮೇಲೆ, ಮುಕ್ಕಾಲು ಗಂಟೆ, ಮೂರೇ ವಿಷಯ. ಶುರುವಿಗೆ ಬಾಕಿ ನಂಬರುಗಳನ್ನು ಓದುತ್ತೇವೆ, ಪ್ರತಿ ನಂಬರಿಗೂ ಹೋಗಿಬರುವವರ ಹೆಸರು ಅಲ್ಲೇ ನಿಗದಿ. ಆಮೇಲೆ ಚುರುಮುರಿ, ಚಹಾ.

ಅರ್ಜಿ ಒಂದಕ್ಕೆ ಒಂದೇ ವಿಷಯ. ನೀರು, ಚರಂಡಿ, ನಾಯಿ ಕಾಟ ಮೂರನ್ನೂ ಒಂದರಲ್ಲಿ ಬರೆದರೆ ಅದು ಮೂರು ವಿಭಾಗಗಳ ನಡುವೆ ತಿರುಗಿ ಎಲ್ಲೂ ನಿಲ್ಲುವುದಿಲ್ಲ. ಆಯುಕ್ತರ ಹೆಸರಿಗೆ ಎರಡು ಪ್ರತಿ, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ, ಸ್ವೀಕೃತಿ ನಂಬರು ಹಾಕಿಸಿಕೊಳ್ಳಬೇಕು. ಸೀಲಿಲ್ಲದೆ ಕೊಟ್ಟುಬಂದ ಅರ್ಜಿಯನ್ನು ಕೊಟ್ಟೇ ಇಲ್ಲ ಎಂದು ಭಾವಿಸಿ ಮತ್ತೆ ಕೊಡಿ. ಆ ಸ್ವೀಕೃತಿ ನಂಬರು ಹಲಗೆಯ ನಂಬರಿನ ಪಕ್ಕದಲ್ಲಿ ಬರುತ್ತದೆ. ಹದಿನೈದು ದಿನವಾದರೂ ಸದ್ದಿಲ್ಲದಿದ್ದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇವೆ. ಅದಕ್ಕೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ, 30 ದಿನಕ್ಕೆ ಉತ್ತರ. ‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ‘ಈ ಸ್ವೀಕೃತಿ ನಂಬರಿನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ನಕಲು ಕೊಡಿ’ ಎಂದು ಕೇಳಿ. ದಾಖಲೆ ಕೇಳಿದರೆ ಕೊಡಲೇಬೇಕು, ಕಾರಣ ಕೇಳಿದರೆ ತಪ್ಪಿಸಿಕೊಳ್ಳಲು ದಾರಿಯಿದೆ.

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ, ದಾವಣಗೆರೆ 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದೆ. ರಾಜ್ಯದ ಕಾಯ್ದೆಯಲ್ಲಿ ಅದಕ್ಕೆ ಹತ್ತು ನಾಮನಿರ್ದೇಶಿತ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ನಿವಾಸಿಗಳ ಸಂಘದಿಂದ ಇಬ್ಬರು. ಇದನ್ನು ಪ್ರತಿ ವರ್ಷ ಯುಗಾದಿಯ ಮರುದಿನ ಹಲಗೆ ಮೇಲೆ ಬರೆಯುತ್ತೇವೆ, ಚಂದ್ರನನ್ನು ನೋಡಲು ಎಲ್ಲರೂ ಹೊರಗೆ ಬಂದಿರುತ್ತಾರೆ.

ಮೇ ತಿಂಗಳ ಕೆಲಸ ಚರಂಡಿ. ಹೂಳು ತೆಗೆಯುವ ಮೊದಲು ಕೋಲು ಇಳಿಸಿ ಪ್ರತಿ ಇಪ್ಪತ್ತು ಹೆಜ್ಜೆಗೆ ಆಳ ಬರೆದಿಟ್ಟುಕೊಳ್ಳಿ, ತೆಗೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಇಳಿಸಿ. ಪೌರಕಾರ್ಮಿಕರು ಎತ್ತಿಹಾಕಿದ ಹೂಳು ದಡದಲ್ಲಿ ಒಂದೆರಡು ದಿನ ಬಸಿಯಬೇಕು, ಹಸಿಯಾಗಿ ತುಂಬಿದರೆ ಟ್ರ್ಯಾಕ್ಟರಿನಿಂದ ರಸ್ತೆಗೆಲ್ಲ ಸೋರುತ್ತದೆ. ಆದರೆ ಮೂರನೇ ದಿನ ಎತ್ತದಿದ್ದರೆ ಮೊದಲ ಮಳೆಗೆ ಪೂರ್ತಿ ವಾಪಸ್ ಒಳಗೇ ಹೋಗುತ್ತದೆ. ಹಾಗಾಗಿ ಹೂಳು ತೆಗೆದದ್ದಕ್ಕೆ ಒಂದು ನಂಬರು, ಸಾಗಿಸಿದ್ದಕ್ಕೆ ಬೇರೆ ನಂಬರು. ಎರಡನ್ನೂ ಒಂದೇ ಸುದ್ದಿ ಮಾಡಿದರೆ ಅರ್ಧ ಕೆಲಸಕ್ಕೇ ‘ಆಯಿತು’ ಎಂದು ಬರೆಯಬೇಕಾಗುತ್ತದೆ.

ಜೂನ್ ಮೊದಲ ವಾರ ಹಲಗೆ ಬಿಚ್ಚಿ ಒಳಗಿಡುತ್ತೇವೆ, ಮಳೆಗಾಲದಲ್ಲಿ ಸಕ್ಕರೆ ನೀರಿನ ಅಕ್ಷರವೂ ನಿಲ್ಲುವುದಿಲ್ಲ. ಬಾಕಿ ನಂಬರುಗಳನ್ನು ಒಂದು ಎ4 ಹಾಳೆಗೆ ಇಳಿಸಿ ಜೆರಾಕ್ಸ್ ಮಾಡಿಸಿ ಮನೆಗೊಂದು ಹಂಚುತ್ತೇವೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಗಡಿಗೆ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಅಕ್ಷರ ಕಲಸಿಹೋಗುತ್ತದೆ, ಪಿಡಿಎಫ್ ಮಾಡಿ ಕಳಿಸಿ. ನೋಟ್‌ಬುಕ್ಕು ಬೂತಿನಲ್ಲೇ ಇರುತ್ತದೆ, ಮುಂದಿನ ಶಿವರಾತ್ರಿಗೆ ಹಲಗೆ ಏರಿದಾಗ ಮೊದಲ ಸಾಲು ಅದೇ ಬಾಕಿ ನಂಬರುಗಳಿಂದ ಶುರು.