ದ್ರಾಕ್ಷಿ ತೋಟದ ನಾಜಲ್ ಮತ್ತು ನಮ್ಮ ಐದು ವರ್ಷದ ಯೋಜನೆ

ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಯೋಜನೆಯ ಹೊಣೆ ನನ್ನದು. 2018ರಲ್ಲಿ ನಾನು ಬರೆದ ಐದು ವರ್ಷದ ಯೋಜನೆ ಎಂಬತ್ತು ಪುಟ ತುಂಬಿತ್ತು. 1965ರಲ್ಲಿ ನಿರ್ವಹಣಾ ಚಿಂತಕ ಇಗೋರ್ ಆನ್ಸಾಫ್ ಹಾಕಿಕೊಟ್ಟ ಜಾಡಿನಲ್ಲಿ ಕಲಿತವನು ನಾನು: ಮೊದಲು ಗುರಿ, ಆಮೇಲೆ ವಿಶ್ಲೇಷಣೆ, ಕೊನೆಗೆ ಹಂತಹಂತದ ಕಾರ್ಯಕ್ರಮ. ಅದೇ ಕ್ಷೇತ್ರದ ಮೈಕೇಲ್ ಪೋರ್ಟರ್ ವಿವರಿಸಿದ ಐದು ಸ್ಪರ್ಧಾಶಕ್ತಿಗಳನ್ನೂ (ಈಗಿರುವ ಪೈಪೋಟಿಗಾರರು, ಹೊಸದಾಗಿ ಬರುವವರು, ಬದಲಿ ವಸ್ತುಗಳು, ಕೊಳ್ಳುವವರು, ಪೂರೈಸುವವರು) ಒಂದೊಂದಾಗಿ ತೂಗಿ ನೋಡಿದ್ದೆ. 2019ರಲ್ಲಿ ವಾಹನ ಮಾರಾಟ ಕುಸಿಯಿತು, ಮರುವರ್ಷ ಲಾಕ್‌ಡೌನ್ ಬಂತು. ಎಂಬತ್ತು ಪುಟಗಳಲ್ಲಿ ಒಂದು ಅಂಕಿಯೂ ನಿಲ್ಲಲಿಲ್ಲ.

ಲಾಕ್‌ಡೌನ್ ಸಡಿಲವಾದ ಮೇಲೂ ಕೆಲಸವಿಲ್ಲದ ದಿನಗಳು. ವಿಜಯಪುರ ಜಿಲ್ಲೆಯ ನಮ್ಮ ಟರ್ನರ್ (ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಕೆಲಸಗಾರ) ಒಬ್ಬರು ಉಳಿದ ಉಕ್ಕಿನ ತುಂಡಿನಲ್ಲಿ ಪುಟ್ಟ ನಾಜಲ್, ಎಂದರೆ ದ್ರವ ಚಿಮ್ಮಿಸುವ ಮೂತಿ, ಮಾಡುತ್ತಿದ್ದರು. ಏನೆಂದು ಕೇಳಿದೆ. "ನಮ್ಮೂರ ದ್ರಾಕ್ಷಿ ತೋಟಕ್ಕೆ ಸಾಹೇಬರೇ, ಔಷಧ ಹೊಡೆಯುವ ಪಂಪಿಗೆ. ಹಿತ್ತಾಳೆಯದು ಬೇಗ ಸವೆಯುತ್ತದೆ, ತೂತು ಅಗಲವಾಗಿ ಔಷಧ ಸುಮ್ಮನೆ ಹಾಳು." ಹನ್ನೊಂದು ಮಂದಿ ರೈತರು ಆಗಲೇ ಕೇಳಿದ್ದರು. ನನ್ನ ಯೋಜನೆಯಲ್ಲಿ ಕೃಷಿ ಎಂಬ ಪದವೇ ಇರಲಿಲ್ಲ!

ಕಾರ್ಯತಂತ್ರವೆಂದರೆ ಮೊದಲೇ ಬರೆದಿಟ್ಟದ್ದಷ್ಟೇ ಅಲ್ಲ, ಕೆಲಸ ಮಾಡುತ್ತ ಮಾಡುತ್ತ ಮೂಡುವ ಜಾಡೂ ಹೌದು ಎಂದು ಇನ್ನೊಬ್ಬ ನಿರ್ವಹಣಾ ಚಿಂತಕ ಹೆನ್ರಿ ಮಿಂಟ್ಸ್‌ಬರ್ಗ್ ವಾದಿಸಿದ್ದನ್ನು ಪರೀಕ್ಷೆಗಾಗಿ ಓದಿದ್ದೆ. ಅದು ನನಗೆ ತಟ್ಟಿದ್ದು ಆ ಲೇತಿನ ಮುಂದೆ ನಿಂತಾಗ.

ಹಾಗೆಂದು ಯೋಜನೆಯನ್ನು ಹರಿದೆಸೆಯಲಿಲ್ಲ. ಬ್ಯಾಂಕಿನ ಕಂತಿಗೆ, ಯಂತ್ರ ಖರೀದಿಗೆ ಲೆಕ್ಕ ಬೇಕೇ ಬೇಕು. ಆದರೆ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ಊಹೆಯ ಮೇಲೆ ನಿಂತಿದೆ, ಆ ಊಹೆಯನ್ನು ಯಾವಾಗ ಪರೀಕ್ಷಿಸುತ್ತೇವೆ ಎಂದು ಬರೆದೆ. ಇದು ನಿರ್ವಹಣಾ ಪ್ರಾಧ್ಯಾಪಕರಾದ ರೀಟಾ ಮೆಕ್‌ಗ್ರಾಥ್ ಮತ್ತು ಇಯಾನ್ ಮೆಕ್‌ಮಿಲನ್ 1995ರಲ್ಲಿ ಸೂಚಿಸಿದ ವಿಧಾನ. ಎಂಬತ್ತು ಪುಟ ಒಂಬತ್ತಕ್ಕಿಳಿಯಿತು.

ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಲೇತಿನ ಪಕ್ಕ ತೂಗುಹಾಕಿದ ಒಂದು ನೋಟುಪುಸ್ತಕ. ನಿರೀಕ್ಷಿಸದೆ ಬಂದ ಕೆಲಸವನ್ನು ಯಾರು ಬೇಕಾದರೂ ಅದರಲ್ಲಿ ಬರೆಯಬಹುದು, ಕನ್ನಡವೋ ಮರಾಠಿಯೋ. ತಿಂಗಳ ಮೊದಲ ಶನಿವಾರ ಅಲ್ಲಿಯೇ ನಿಂತು ಓದುತ್ತೇವೆ. ಕಚೇರಿಯ ಮೇಜಿನೆದುರು ಬಾಯಿಬಿಡದವರು ತಮ್ಮ ಯಂತ್ರದ ಪಕ್ಕದಲ್ಲಿ ಚೆನ್ನಾಗಿ ಮಾತನಾಡುತ್ತಾರೆ. ಬಂದದ್ದಕ್ಕೆಲ್ಲ ಕೈಹಾಕುವುದಿಲ್ಲ, ಒಂದೇ ಬಗೆಯ ಬೇಡಿಕೆ ಮೂರು ಬೇರೆ ಕಡೆಗಳಿಂದ ಬಂದರೆ ಮಾತ್ರ ವೆಚ್ಚದ ಲೆಕ್ಕ ಹಾಕುತ್ತೇವೆ.

ನಾಜಲ್‌ಗೆ ಈಗ ಪ್ರತ್ಯೇಕ ಲೇತ್ ಇದೆ. 'ಉಕ್ಕಿನದು ಎರಡು ಹಂಗಾಮು ಬಾಳುತ್ತದೆ' ಎಂಬುದು ಯೋಜನೆಯ ನಾಲ್ಕನೇ ಊಹೆ. ಅಕ್ಟೋಬರ್ ಚಾಟನಿಯ (ಬಳ್ಳಿ ಸವರುವ ಕೆಲಸದ) ನಂತರ ಆ ಟರ್ನರ್ ತೋಟಗಳಿಗೆ ಹೋಗಿ ತೂತಿನ ಅಳತೆ ತರುತ್ತಾರೆ. ಅಲ್ಲಿಯವರೆಗೆ ಅದರ ಮುಂದಿನ ಖಾನೆಯನ್ನು ಖಾಲಿ ಬಿಟ್ಟಿದ್ದೇನೆ.